ಗಿರಣಿ ಮಲ್ಲಿಕಾಂಬನ ನಂಬರು

ಕೆಲಸಕ್ಕೆ ಸೇರಿದ ಹೊಸದರಲ್ಲಿ ತಿಮ್ಮೇಶ ಮಲ್ಲಿಕಾಂಬ ಅವರನ್ನು ಒಂದು ಸರ್ಕಾರಿ ಕಚೇರಿ ಎಂದು ತಿಳಿದಿದ್ದ.

ಕಡೂರಿನ ಫೋಟೊ ಸ್ಟುಡಿಯೋದಲ್ಲಿ ಅವನಿಗೆ ಕೊಟ್ಟ ಮೊದಲ ಕೆಲಸವೆಂದರೆ ಆಲ್ಬಂ ತಯಾರಾದ ಗಿರಾಕಿಗಳಿಗೆ ಫೋನು ಮಾಡಿ ‘ಬಂದು ತಗೊಂಡು ಹೋಗಿ’ ಎಂದು ಹೇಳುವುದು. ಅಜ್ಜಂಪುರದವರ ಹೆಸರುಗಳ ಮುಂದೆ ನೋಡಿದರೆ ಬಹುಪಾಲು ಜನರದು ಒಂದೇ ನಂಬರು. ಮದುವೆ ಗಂಡಿನದೂ ಅದೇ, ಸೀಮಂತದ ಹೆಣ್ಣಿನದೂ ಅದೇ, ಷಷ್ಟ್ಯಬ್ದಿ ಮಾಡಿಕೊಂಡ ಮೇಷ್ಟ್ರದೂ ಅದೇ. ಡಿಪ್ಲೊಮಾ ಓದಿದ ತಲೆ, ಸುಮ್ಮನಿರುತ್ತದೆಯೇ? ಇದು ಯಾವುದೋ ಇಲಾಖೆಯ ಸಹಾಯವಾಣಿ ಎಂದು ತೀರ್ಮಾನಿಸಿತು. ಗಂಟಲು ಸರಿಮಾಡಿಕೊಂಡು ಫೋನು ಮಾಡಿದ. ಆ ಕಡೆ ಗೂಡ್ಸ್ ರೈಲು ಹೋಗುವ ಸದ್ದು.

“ನಮಸ್ಕಾರ ಮೇಡಂ. ಇದು ಯಾವ ಇಲಾಖೆ?”

“ಏನಂದೆ? ಜೋರಾಗಿ ಹೇಳು.”

“ಯಾವ ಇಲಾಖೆ ಮೇಡಂ? ಎಷ್ಟು ಗಂಟೆವರೆಗೆ ತೆಗೆದಿರುತ್ತೆ?”

“ರಾಗಿ ಮುಗಿಯೋವರ್ಗೂ ತೆಗೆದೇ ಇರ್ತೀವಿ ಕಣಪ್ಪಾ. ನಿಂದೆಷ್ಟು ಸೇರು ಐತೆ?”

ತಿಮ್ಮೇಶ ಆ ನಂಬರಿನ ಪಕ್ಕದಲ್ಲಿ ಚಂದದ ಅಕ್ಷರದಲ್ಲಿ ‘ಆಹಾರ ಇಲಾಖೆ’ ಎಂದು ಬರೆದಿಟ್ಟ. ಮಾಲೀಕ ಓಂಕಾರಮೂರ್ತಿ ಅದನ್ನು ಓದಿ ನಕ್ಕ ನಗುವಿಗೆ ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಹಾಕಿಕೊಂಡಿತು ಎಂದು ಸ್ಟುಡಿಯೋದವರು ಇವತ್ತಿಗೂ ಹೇಳುತ್ತಾರೆ.

ಇಲಾಖೆಯನ್ನು ಅವನು ಕಣ್ಣಾರೆ ಕಂಡದ್ದು ಅಜ್ಜಂಪುರದ ಬ್ರಾಂಚಿಗೆ ಕಂಪ್ಯೂಟರ್ ಸರಿಮಾಡಲು ಹೋದಾಗ. ಸ್ಟುಡಿಯೋದ ಗೋಡೆಗೆ ಗೋಡೆ ಆನಿಸಿಕೊಂಡು ಒಂದು ಹಿಟ್ಟಿನ ಗಿರಣಿ. ಬೀದಿಯವರ ಬಾಯಲ್ಲಿ ಅದು ಮಿಲ್ಲು. ಯಂತ್ರದ ಬಳಿ ನಿಂತವರು ಮಲ್ಲಿಕಾರ್ಜುನಪ್ಪ. ಆ ಸದ್ದಿಗೇ ತಮ್ಮ ಎರಡೂ ಕಿವಿ ಒಪ್ಪಿಸಿ ಎಷ್ಟೋ ವರ್ಷವಾದ ಮನುಷ್ಯ. ಬಾಗಿಲ ಬಳಿ, ಕಾಳಿನ ಚೀಲಗಳ ಸಾಲಿನ ತುದಿಯಲ್ಲಿ, ಮರದ ಮಣೆಯ ಮೇಲೆ ಅವರ ಹೆಂಡತಿ ಮಲ್ಲಿಕಾಂಬ. ಬೆಳಿಗ್ಗೆ ಬಂದು ಕೂರುವಾಗ ಕಪ್ಪು ಕೂದಲಿನ ಹೆಂಗಸು, ಸಂಜೆ ಏಳುವಾಗ ಹುಬ್ಬಿನ ತನಕ ಬೆಳ್ಳಗಾದ ಅಜ್ಜಿ. ಹಣೆಯ ಮೇಲೆ ವಿಭೂತಿ ಎಲ್ಲಿಗೆ ಮುಗಿದು ಹಿಟ್ಟು ಎಲ್ಲಿಂದ ಶುರುವಾಗುತ್ತದೆ ಎಂದು ಹೇಳುವವರಿಲ್ಲ. ಅವರು ಕೈಯೆತ್ತಿದರೆ ಗಂಡ ಕಾಳು ಸುರಿಯಬೇಕು, ಕೈ ಇಳಿಸಿದರೆ ನಿಲ್ಲಿಸಬೇಕು. ಈ ದಾಂಪತ್ಯದಲ್ಲಿ ಮಾತಿಗೆ ಕೆಲಸವೇ ಇರಲಿಲ್ಲ, ಆದ್ದರಿಂದ ಮಲ್ಲಿಕಾಂಬ ತಮ್ಮ ಮಾತನ್ನೆಲ್ಲ ಬೀದಿಗೆ ಇಟ್ಟುಕೊಂಡಿದ್ದರು.

ಅವರ ಪಕ್ಕದಲ್ಲೇ ಒಂದು ಬಿಸ್ಕತ್ತಿನ ತಗಡಿನ ಡಬ್ಬ. ಅದರೊಳಗೆ ಫೋನು. ಹಿಟ್ಟು ಹೋಗಬಾರದೆಂದು ಡಬ್ಬದಲ್ಲಿಟ್ಟದ್ದು, ಆದರೂ ಹೋಗಿತ್ತು.

ಆ ಫೋನು ಮೊದಲು ಬಂದದ್ದು ಬೆಲ್ಟು ಹರಿದರೆ ಕಡೂರಿನ ಮೆಕ್ಯಾನಿಕ್ಕನ್ನು ಕರೆಯುವುದಕ್ಕೆ. ಆಮೇಲೆ ಬೀದಿಯಲ್ಲಿ ಮನೆಗೊಂದು, ಆಳಿಗೊಂದು ಫೋನು ಬಂತು. ಆದರೆ ಹೊಸ ಆಫರು ಬಂದಾಗಲೆಲ್ಲ ಎಲ್ಲರೂ ಸಿಮ್ಮು ಬದಲಿಸುವವರೇ. ಗಂಡ ಫೋನನ್ನು ತೋಟಕ್ಕೆ ಒಯ್ಯುತ್ತಾನೆ, ಮಗ ಗೇಮು ಆಡಿ ಬ್ಯಾಟರಿ ಮುಗಿಸುತ್ತಾನೆ. ಮಲ್ಲಿಕಾಂಬನ ನಂಬರು ಮಾತ್ರ ಬದಲಾಗಲಿಲ್ಲ, ಅವರು ಕೂತ ಜಾಗವೂ ಬದಲಾಗಲಿಲ್ಲ. ಗ್ಯಾಸಿನವನು ನಂಬರು ಕೇಳಿದಾಗ ಯಾರೋ ಒಬ್ಬರು ‘ಮಿಲ್ಲಿಂದು ಹಾಕ್ಕೊಳ್ಳಿ’ ಎಂದರು. ಅಲ್ಲಿಂದ ರೇಷನ್ನು, ಪಿಂಚಣಿ, ಆಧಾರ್ ಎಲ್ಲಕ್ಕೂ ಮಿಲ್ಲಿನ ನಂಬರೇ ಆಯಿತು.

ಇವುಗಳ ಒಟಿಪಿ ಕೋಡು ಫೋನಿಗೆ ಬಂದರೆ ಅವರು ಮಣೆಯಿಂದ ಏಳುತ್ತಿರಲಿಲ್ಲ, ಕೂಗುತ್ತಿದ್ದರು. “ಪಾಪಮ್ಮೋ! ನಿನ್ನ ಗ್ಯಾಸು ಬಂತು ಕಣೇ! ಏಳು, ಎರಡು, ಸೊನ್ನೆ, ಒಂಬತ್ತು!” ಎದುರು ಮನೆಯ ಪಾಪಮ್ಮ ಅಡುಗೆಮನೆಯಿಂದಲೇ ಅದನ್ನು ತಿರುಗಿ ಕೂಗಿ ಒಪ್ಪಿಸಬೇಕು. ಜಗತ್ತೆಲ್ಲ ಗುಟ್ಟಾಗಿಡುವ ಅಂಕಿಯನ್ನು ಆ ಬೀದಿಯ ನಾಯಿಗಳೂ ಕೇಳಿಸಿಕೊಳ್ಳುತ್ತಿದ್ದವು. ಆದರೆ ಬ್ಯಾಂಕಿನದು ಬಂದರೆ ಮಾತ್ರ ಕೂಗು ಇಲ್ಲ. ಸಂಬಂಧಪಟ್ಟವರು ಒಳಗೆ ಬಂದು, ಮಣೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ತಮ್ಮ ಕಣ್ಣಿಂದ ನೋಡಬೇಕು. ನೋಡಿದ ಮೇಲೆ ಅವರೆದುರಿಗೇ ಅಳಿಸಿಬಿಡುತ್ತಿದ್ದರು. ‘ಬ್ಯಾಂಕಿಂದ ಮಾತಾಡ್ತಿದೀವಿ, ಕೋಡ್ ಹೇಳಿ’ ಎಂದು ಯಾರಾದರೂ ಕಳ್ಳರು ಫೋನು ಮಾಡಿದರೆ ಅವತ್ತು ಸಾಲಿನಲ್ಲಿ ಕಾಯುವವರಿಗೆಲ್ಲ ಹಬ್ಬ. “ಬ್ಯಾಂಕಿನವನಾ? ಬಾರಪ್ಪಾ, ಮಿಲ್ಲಿಗೇ ಬಾ. ಮೆಣಸಿನಕಾಯಿ ಹಾಕೋ ಹೊತ್ತಿಗೆ ಬಾ. ಮುಖ ತೊಳ್ಕೊಂಡು ಬಾ” ಎಂದು ಶುರುಮಾಡಿದರೆ ಆ ಕಡೆಯವನೇ ಕಟ್ ಮಾಡಬೇಕು. ಇಷ್ಟು ವರ್ಷದಲ್ಲಿ ಮಿಲ್ಲಿನಿಂದ ಒಂದು ಅಂಕಿಯೂ ತಪ್ಪು ಕೈಗೆ ಹೋಗಿಲ್ಲ ಅನ್ನುವುದು ಅವರ ಜಂಬ. ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು.

ಇನ್ನೊಂದು ಪದ್ಧತಿಯಿತ್ತು. ಗಿರಣಿಯ ಬಾಯಿಗೆ ಒಬ್ಬರ ರಾಗಿ ಸುರಿದ ಮೇಲೆ ಅದು ಪೂರ್ತಿ ಇಳಿಯುವ ತನಕ ಮಲ್ಲಿಕಾಂಬ ಡಬ್ಬದ ಮುಚ್ಚಳ ತೆಗೆಯುತ್ತಿರಲಿಲ್ಲ. ಕಣ್ಣು ತಪ್ಪಿದರೆ ಒಬ್ಬರ ಹಿಟ್ಟಿಗೆ ಇನ್ನೊಬ್ಬರ ಹಿಟ್ಟು ಬೆರೆಯುತ್ತದೆ, ಕಾಳಿಲ್ಲದೆ ಕಲ್ಲಿಗೆ ಕಲ್ಲು ಉಜ್ಜಿ ಹಾಳಾಗುತ್ತದೆ. ಯಾರ ಕೋಡೇ ಬರಲಿ, ಗಿರಣಿ ನಿಂತ ಮೇಲೆ. ಇದು ಬೀದಿಗೆ ಗೊತ್ತಿತ್ತು. ತಿಮ್ಮೇಶನಿಗೂ ಗೊತ್ತಿತ್ತು. ಗೊತ್ತಿದ್ದೂ ಅವನು ಮಾಡಿದ ಕೆಲಸವೇ ಮುಂದಿನ ಕಥೆ.

ಓಂಕಾರಮೂರ್ತಿಗೆ ಮೂರು ಅಂಗಡಿ: ಕಡೂರು, ತರೀಕೆರೆ, ಅಜ್ಜಂಪುರ. ಫೋಟೊ ತೆಗೆಯುವುದು ಮೂರೂ ಕಡೆ, ಆಲ್ಬಂ ಜೋಡಿಸುವುದು ಕಡೂರಿನಲ್ಲಿ. ಮೊದಲು ಹಾರ್ಡ್ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ಒಂದು ಸಲ ಲಕ್ಕವಳ್ಳಿಯ ಮದುವೆಯೊಂದು ಶಿವಮೊಗ್ಗ ಡಿಪೋ ನೋಡಿಕೊಂಡು ಬಂತು. ಆಗ ತಿಮ್ಮೇಶ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕ ಒಂದು ಪ್ರೋಗ್ರಾಮನ್ನು ತಂದು, ಬಿಚ್ಚಿ, ತನಗೆ ತಿಳಿದಷ್ಟು ತಿದ್ದಿ ಮೂರೂ ಅಂಗಡಿಯ ಕಂಪ್ಯೂಟರಿಗೆ ಹಾಕಿದ. ಒಂದು ಕಡೆ ಹಾಕಿದ ಫೋಟೊ ಕ್ಲೌಡಿಗೆ ಹತ್ತಿ ಉಳಿದೆರಡು ಕಡೆ ತಾನೇ ಇಳಿಯುತ್ತಿತ್ತು. ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತಿತ್ತು. ಅಂಗಡಿಯವರು ಅದಕ್ಕೆ ‘ತಿಮ್ಮೇಶನ ಬಸ್ಸು’ ಎಂದು ಹೆಸರಿಟ್ಟರು. ತಿಮ್ಮೇಶ ‘ಛೇ, ಅಂಥದ್ದೇನಿಲ್ಲ’ ಅನ್ನುತ್ತ ಆ ಹೆಸರನ್ನು ಊರೆಲ್ಲ ಹೇಳಿಕೊಂಡು ಬಂದ.

ಈ ಬೇಸಿಗೆಯಲ್ಲಿ ಕ್ಲೌಡಿನ ಕಂಪನಿಯಿಂದ ಒಂದು ಮೇಲ್ ಬಂತು. ಇನ್ನು ಬರೀ ಪಾಸ್‌ವರ್ಡ್ ನಡೆಯುವುದಿಲ್ಲ. ಅದರ ಮೇಲೆ ಎರಡನೇ ಗುರುತು ಬೇಕು, ಫೋನಿಗೆ ಬರುವ ಕೋಡು. ಎರಡೂ ಹಾಕಿದರೇ ಬಾಗಿಲು. ತಿಮ್ಮೇಶನ ಬಸ್ಸಿಗೆ ಎರಡನೇ ಬೀಗ ತೆಗೆಯುವ ವಿದ್ಯೆ ಗೊತ್ತಿರಲಿಲ್ಲ, ಅದನ್ನು ಅವನೇ ಕಲಿಸಬೇಕಾಯಿತು. ಕಲಿಸಿದ. ಪ್ರೋಗ್ರಾಮು ಪಾಸ್‌ವರ್ಡ್ ಕೊಟ್ಟು, ಒಂದು ಚೌಕ ತೋರಿಸಿ, ಕೋಡಿಗಾಗಿ ಕಾಯುವಂತೆ ಬರೆದ. ತನ್ನ ಫೋನು ಕೈಯಲ್ಲಿ ಹಿಡಿದುಕೊಂಡೇ ಪರೀಕ್ಷೆ ಮಾಡಿದ. ಟಣ್ ಅಂದಿತು, ಹಾಕಿದ, ಬಾಗಿಲು ತೆಗೆಯಿತು. ಕೋಡು ಬರುವುದು ತಡವಾದರೆ ಏನು ಎಂದು ಯೋಚಿಸುವ ಹೊತ್ತಿಗೆ ಊಟದ ಹೊತ್ತಾಯಿತು.

ಕೋಡು ಯಾರ ನಂಬರಿಗೆ ಬರಬೇಕು ಅನ್ನುವುದು ಉಳಿದಿತ್ತು.

“ನಿಮ್ಮದೇ ಹಾಕ್ಲಾ ಸಾರ್?”

“ನಾನು ಛತ್ರದಲ್ಲಿ ಧಾರೆ ತೆಗೀತಿರ್ತೀನಿ, ನಿನ್ನ ಕೋಡು ನೋಡ್ಲಾ?” ಅಂದರು ಓಂಕಾರಮೂರ್ತಿ.

“ಹಂಗಾದ್ರೆ ನಂದು?”

“ನೀನು ನಾಳೆ ಇನ್ನೊಂದು ಕೆಲಸ ಸಿಕ್ತು ಅಂತ ಹೋಗ್ತೀಯ. ನಿನ್ನ ಹಿಂದೆ ಕೋಡೂ ಹೋಗುತ್ತೆ. ಎಲ್ಲಿಗೂ ಹೋಗದವರ ನಂಬರು ಹಾಕೋ.”

ಎಲ್ಲಿಗೂ ಹೋಗದವರು ಎಂದರೆ ಮೂರು ತಾಲ್ಲೂಕಿನಲ್ಲಿ ಒಬ್ಬರೇ. ತಿಮ್ಮೇಶ ಫೋನು ಮಾಡಿ ಕೇಳಿದಾಗ ಮಲ್ಲಿಕಾಂಬ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. “ಸ್ಟುಡಿಯೋದ್ದೂ ನಂಗೇ ಬಂತಾ? ಬರ್ಲಿ ಬಿಡು” ಅಂದರು. ಅವರ ದನಿಯಲ್ಲಿ ಹೊಸ ಹಳ್ಳಿಯೊಂದನ್ನು ಗೆದ್ದ ಪಾಳೇಗಾರನ ಸಂತೋಷವಿತ್ತು.

ಕೆಲವು ದಿನ ಎಲ್ಲ ಚೆನ್ನಾಗಿ ನಡೆಯಿತು. ಆಮೇಲೊಂದು ಬೆಳಿಗ್ಗೆ ಕಡೂರಿನ ಕಂಪ್ಯೂಟರು ಹೊಸದಾಗಿ ಬಾಗಿಲು ತೆಗೆ ಎಂದು ಕೇಳಿತು. ಕೋಡು ಅಜ್ಜಂಪುರಕ್ಕೆ ಹೋಯಿತು. ಮಲ್ಲಿಕಾಂಬ ಫೋನು ಎತ್ತಲಿಲ್ಲ, ಯಾರದೋ ರಾಗಿ ಇಳಿಯುತ್ತಿತ್ತು. ತಿಮ್ಮೇಶ ಟೀ ಕುಡಿಯಲು ಹೋದ. ಅವನು ಬಂದು ಕೂತ ಸ್ವಲ್ಪ ಹೊತ್ತಿಗೆ ಅವರೇ ಫೋನು ಮಾಡಿ, ಅಂಕಿಗಳನ್ನು ನಿಧಾನವಾಗಿ, ಒಂದೊಂದಾಗಿ, ಮಗುವಿಗೆ ತುತ್ತು ಕೊಟ್ಟ ಹಾಗೆ ಹೇಳಿದರು. ಅವನು ಒತ್ತಿದ. ಬಾಗಿಲು ತೆಗೆಯಿತು.

ಒಳಗೆ ಏನೂ ಇರಲಿಲ್ಲ.

ಲಿಂಗದಹಳ್ಳಿಯ ಮದುವೆ, ಬೀರೂರಿನ ಗೃಹಪ್ರವೇಶ, ಯಾರ್‍ಯಾರದೋ ನಾಮಕರಣ, ಒಂದೂ ಇಲ್ಲ. ತರೀಕೆರೆ ಬ್ರಾಂಚಿನ ಸಂಗೀತಾ ಫೋನು ಮಾಡಿದಳು. “ತಿಮ್ಮೇಶ್, ನನ್ನ ಕಣ್ಣೆದುರಿಗೇ ಒಂದೊಂದೇ ಮಾಯ ಆಗ್ತಿದಾವೆ ಕಣೋ! ಏನು ಮಾಡ್ದೆ?” ಅಜ್ಜಂಪುರದ ಬ್ರಾಂಚಿನ ಸತೀಶನೂ ಅದನ್ನೇ ಹೇಳಿದ. ಅಷ್ಟರಲ್ಲಿ ಓಂಕಾರಮೂರ್ತಿ ಕ್ಯಾಮೆರಾ ಬ್ಯಾಗು ಹೆಗಲಿಗೆ ಹಾಕಿಕೊಂಡೇ ಒಳಗೆ ಬಂದರು.

“ಏನಾಯ್ತೋ?”

“ಕೋಡು ತಡವಾಗಿ ಬಂತು ಸಾರ್. ಬಂದ ತಕ್ಷಣ ಹಾಕಿದೆ. ಹಾಕಿದ್ದೇ ಎಲ್ಲ ಹೋಯ್ತು.”

ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸತ್ಯವನ್ನು ಹೀಗೂ ಜೋಡಿಸಬಹುದು ಎಂದು ಅವನಿಗೇ ಆಮೇಲೆ ತಿಳಿಯಿತು.

“ತಡ ಆಯ್ತಾ?” ಓಂಕಾರಮೂರ್ತಿಯ ಹುಬ್ಬು ಗಂಟಾಯಿತು. “ಆಯಮ್ಮ ಅಷ್ಟು ಹೊತ್ತು ಏನು ಮಾಡ್ತಿದ್ರು? ಯಾರೋ ಫೋನ್ ಮಾಡಿ ಕೇಳಿರ್ತಾನೆ, ಇವ್ರು ಕೊಟ್ಟಿರ್ತಾರೆ. ಅವನು ನುಗ್ಗಿ ಬಳ್ಕೊಂಡು ಹೋಗಿದಾನೆ. ಅಲ್ವೇನೋ?”

ತಿಮ್ಮೇಶನ ಬಾಯಿಂದ ಎರಡು ಮಾತು ಬಂತು. “ಇರಬಹುದು ಸಾರ್.”

ಆ ಗಳಿಗೆಯಲ್ಲಿ ಅವನಿಗೂ ನಿಜ ಗೊತ್ತಿರಲಿಲ್ಲ ಎಂದು ಅವನ ಪರವಾಗಿ ಹೇಳಬಹುದು. ಅವನ ಪರವಾಗಿ ಹೇಳಲು ಇರುವುದು ಅಷ್ಟೇ. ಓಂಕಾರಮೂರ್ತಿ ಆಗಲೇ ಸತೀಶನಿಗೆ ಫೋನಿನಲ್ಲಿ ಕೂಗುತ್ತಿದ್ದರು: ಮಿಲ್ಲಿನ ಅಮ್ಮ ಯಾರಿಗೋ ಕೋಡು ಕೊಟ್ಟುಬಿಟ್ಟಿದಾರೆ! ಸತೀಶ ಒಳ್ಳೆಯ ಹುಡುಗನೇ, ಆದರೆ ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ತಿಮ್ಮೇಶ ತಾನು ಬರೆದ ಸಾಲುಗಳನ್ನು ಮೇಲಿನಿಂದ ಓದಿಕೊಂಡು ಬಂದ. ಅಲ್ಲಿತ್ತು. ಪ್ರೋಗ್ರಾಮು ಕೋಡಿಗಾಗಿ ಕಾಯುತ್ತ ಕೂತಿದ್ದಾಗ ಅದರ ಇನ್ನೊಂದು ಕೈಗೆ ‘ಸುಮ್ಮನಿರು’ ಎಂದು ಅವನು ಹೇಳಿರಲಿಲ್ಲ. ಆ ಕೈ ಎಂದಿನ ಹಾಗೆ ಕ್ಲೌಡಿನಲ್ಲಿ ಏನಿದೆ ಎಂದು ಇಣುಕಿತು. ಬಾಗಿಲು ಪೂರ್ತಿ ತೆಗೆಯದಿದ್ದರಿಂದ ಏನೂ ಕಾಣಲಿಲ್ಲ. ಓಹೋ, ಮೇಲೆ ಎಲ್ಲ ಅಳಿಸಿದ್ದಾರೆ ಎಂದು ತಿಳಿದು ಕಡೂರಿನ ಫೋಟೊಗಳನ್ನೆಲ್ಲ ಶಿಸ್ತಾಗಿ ಅಳಿಸಿತು. ತಿಮ್ಮೇಶ ಆಗ ಟೀ ಅಂಗಡಿಯಲ್ಲಿದ್ದ. ಆಮೇಲೆ ಕೋಡು ಬಂತು, ಬಾಗಿಲು ತೆಗೆಯಿತು. ಈಗ ಪ್ರೋಗ್ರಾಮು ನೋಡಿತು: ಮೇಲೆ ಫೋಟೊ ಇದೆ, ಕೆಳಗೆ ಇಲ್ಲ. ಓಹೋ, ಕೆಳಗೆ ಬೇಡ ಎಂದು ಅಳಿಸಿದ್ದಾರೆ ಎಂದುಕೊಂಡು ಮೇಲಿನದನ್ನೂ ಅಳಿಸಿತು, ಉಳಿದೆರಡು ಅಂಗಡಿಯದನ್ನೂ ಅಳಿಸಿತು. ಕಳ್ಳ ಎಲ್ಲಿಯೂ ಇರಲಿಲ್ಲ. ಮನೆ ತೊಳೆದದ್ದು ಮನೆಯಾಳೇ, ಅದೂ ಯಜಮಾನ ಕಲಿಸಿದ ಹಾಗೆ.

ಅಳಿಸಿದ್ದೆಲ್ಲ ಕ್ಲೌಡಿನ ಕಸದ ಬುಟ್ಟಿಯಲ್ಲಿತ್ತು. ಸಂಜೆಯ ಹೊತ್ತಿಗೆ ತಿಮ್ಮೇಶ ಅಷ್ಟನ್ನೂ ಎತ್ತಿ ತಂದ. ಒಂದು ಫೋಟೊವೂ ಹಾಳಾಗಿರಲಿಲ್ಲ. ಓಂಕಾರಮೂರ್ತಿ ಅವನ ಬೆನ್ನು ತಟ್ಟಿ, ಜಿಲೇಬಿ ತರಿಸಿ, ಅಂಗಡಿಗೆ ಬಂದವರಿಗೆಲ್ಲ ಹೇಳತೊಡಗಿದರು. “ಕಳ್ಳನ ಬಾಯಿಂದ ಎಳ್ಕೊಂಡು ಬಂದ ಕಣ್ರೀ ನಮ್ಮ ಹುಡುಗ!” ತಿಮ್ಮೇಶ ಜಿಲೇಬಿ ತಿಂದ. ಒಂದು ತಿಂದಿದ್ದರೆ ಮಾತು ಬೇರೆ, ಎರಡು ತಿಂದ. ಆಮೇಲೆ ಪ್ರೋಗ್ರಾಮಿನ ತಪ್ಪನ್ನು ತಿದ್ದಿ, ತಿದ್ದುಪಡಿಯ ಜಾಗದಲ್ಲಿ ‘ಒಂದು ಸಣ್ಣ ದೋಷ ಸರಿಮಾಡಲಾಗಿದೆ’ ಎಂದು ಇಂಗ್ಲಿಷಿನಲ್ಲಿ ಬರೆದ. ಯಾರು ಸರಿಮಾಡಿದರು ಎಂದಿತ್ತು, ಯಾರು ಮಾಡಿದ್ದು ಎಂದಿರಲಿಲ್ಲ.

ಸ್ಟುಡಿಯೋದ ಕೋಡು ಅಂದೇ ಓಂಕಾರಮೂರ್ತಿಯ ಹಳೆಯ ಫೋನಿಗೆ ಹೋಯಿತು. ಆ ಫೋನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕೂತಿತು. ಹೀಗೆ ಎಲ್ಲ ಮುಗಿಯಿತು ಎಂದು ತಿಮ್ಮೇಶ ಅಂದುಕೊಂಡ. ಮುಗಿದದ್ದು ಕಡೂರಿನಲ್ಲಿ ಮಾತ್ರ.

ಕೆಲವು ವಾರ ಕಳೆದು ಅಜ್ಜಂಪುರದ ಪ್ರಿಂಟರು ಕೆಟ್ಟಿತು. ಬೀರೂರಿನಲ್ಲಿ ಬಸ್ಸು ಬದಲಿಸಿ ಹೋದ. ಗಿರಣಿ ನಡೆಯುತ್ತಿತ್ತು. ಚೀಲಗಳ ಸಾಲೂ ಇತ್ತು, ಹೊಟ್ಟೆಗೆ ಹಿಟ್ಟು ಬೇಕಲ್ಲ. ಆದರೆ ಅವನು ಪ್ರಿಂಟರಿನ ಹೊಟ್ಟೆ ಬಗೆದು ಕೂತಷ್ಟು ಹೊತ್ತೂ ಪಕ್ಕದಿಂದ ಒಂದು ಕೂಗೂ ಕೇಳಲಿಲ್ಲ.

“ಯಾಕೋ ಮಲ್ಲಿಕಾಂಬಮ್ಮ ಕೂಗ್ತಿಲ್ಲ?” ಎಂದು ಸತೀಶನನ್ನು ಕೇಳಿದ.

“ಯಾವ ಕೋಡು ಅಂತ ಕೂಗ್ತಾರೆ? ಎಲ್ಲಾ ನಂಬರು ತೆಗೆಸ್ಬಿಟ್ರು. ಪಾಪಮ್ಮ ಅಳಿಯನದ್ದು ಹಾಕಿಸಿದಾಳೆ. ಅಳಿಯ ತುಮಕೂರಲ್ಲಿ, ಫೋನೇ ಎತ್ತಲ್ಲ. ಗ್ಯಾಸಿಲ್ದೆ ಸೌದೆ ಒಲೆ ಹಚ್ಚಿದಾಳೆ. ಆದ್ರೂ ಮಿಲ್ಲಿಂದು ಬೇಡ ಅಂತಾಳೆ. ಒಂದ್ಸಲ ಕೊಟ್ಟೋರು ಇನ್ನೊಂದ್ಸಲ ಕೊಡಲ್ಲ ಅಂತ ಏನು ಗ್ಯಾರಂಟಿ?”

“ಅವ್ರು ಕೊಟ್ಟಿಲ್ವಂತೆ ಕಣೋ. ಕಂಪನಿಯವರದ್ದೇ ಏನೋ ತೊಂದ್ರೆ ಆಗಿತ್ತಂತೆ. ನೀನು ಹಂಗೇ ಬೀದೀಲಿ ಹೇಳು.”

ಸತೀಶ ಅವನ ಮುಖ ನೋಡಿ ನಕ್ಕ. “ಅಂತೆ ಅಂದ್ರೆ ಯಾರು ನಂಬ್ತಾರೆ ತಿಮ್ಮೇಶಣ್ಣ? ಪಾಪ, ವಯಸ್ಸಾದೋರು ಅಂತ ನೀನು ಮುಚ್ಚಿ ಹಾಕ್ತಿದೀಯ. ನಿನ್ನ ಮನಸ್ಸು ದೊಡ್ಡದು.”

ತನ್ನ ಮನಸ್ಸಿನ ಅಳತೆ ಅವತ್ತು ತಿಮ್ಮೇಶನಿಗೆ ಸರಿಯಾಗಿ ಸಿಕ್ಕಿತು. ಅದು ಪೆನ್ ಡ್ರೈವಿನಲ್ಲಿ ಹಿಡಿಸಿ ಇನ್ನೂ ಜಾಗ ಉಳಿಯುವಷ್ಟಿತ್ತು.

ಹಿಂದಿನ ಬಾಗಿಲಿನಿಂದ ಜಾರಿಕೊಳ್ಳೋಣವೆಂದರೆ ಆ ಸ್ಟುಡಿಯೋಕ್ಕೆ ಇರುವುದು ಒಂದೇ ಬಾಗಿಲು. ಮಲ್ಲಿಕಾಂಬ ಅವನನ್ನು ಕಂಡು ಮಣೆಯ ಪಕ್ಕ ಕರೆದರು. ಗಿರಣಿ ನಿಂತ ಹೊತ್ತು. ತಗಡಿನ ಡಬ್ಬದ ಮುಚ್ಚಳದ ಮೇಲೆ ಹಿಟ್ಟು ಪದರವಾಗಿ ಕೂತಿತ್ತು. ಬೆರಳಿನ ಗುರುತಿರಲಿಲ್ಲ.

“ನೀನು ಓದಿದೋನು ಕಣಪ್ಪಾ, ನೀನೇ ಹೇಳು. ಅವತ್ತು ನಿನಗೆ ಹೇಳೋಕಿಂತ ಮುಂಚೆ ನಾನು ಇನ್ಯಾರಿಗಾದ್ರೂ ಹೇಳಿದ್ನಾ? ನಂಗೆ ಜ್ಞಾಪಕ ಇಲ್ಲ. ಹೇಳಿಲ್ಲ ಅಂತ ಮೊದಮೊದಲು ಜಗಳ ಆಡ್ದೆ. ಇಷ್ಟು ಜನ ಹೇಳ್ತಾರಲ್ಲ, ಈಗ ನಂಗೇ ಅನುಮಾನ ಬಂದ್ಬಿಟ್ಟೈತೆ. ನಮ್ಮ ಅತ್ತೆಗೂ ಕೊನೆಕೊನೆಗೆ ಹಿಂಗೇ ಮರೆವಾಗಿತ್ತು. ಉಂಡಿದ್ದೂ ಮರೀತಿದ್ರು.”

ತಿಮ್ಮೇಶ ಬಾಯಿ ತೆರೆದ. ಸಾಲಿನಲ್ಲಿ ಜನರಿದ್ದರು, ಸತೀಶ ಬಾಗಿಲಲ್ಲಿದ್ದ, ಕಡೂರಿನಲ್ಲಿ ಕೆಲಸವಿತ್ತು, ಕೆಲಸದಲ್ಲಿ ಹೆಸರಿತ್ತು. “ಬಸ್ಸಿಗೆ ಹೊತ್ತಾಯ್ತು ಅಮ್ಮ” ಎಂಬ ಮಾತು ಬಂತು. ಮಲ್ಲಿಕಾಂಬ ತಲೆಯಾಡಿಸಿ, ದೂರದಿಂದ ಬಂದವನು ಬರಿಗೈಯಲ್ಲಿ ಹೋಗಬಾರದೆಂದು ಒಂದು ಪೊಟ್ಟಣ ರಾಗಿ ಹುರಿಹಿಟ್ಟು ಕೊಟ್ಟರು.

ಬಸ್ಸಿನಲ್ಲಿ ಆ ಪೊಟ್ಟಣವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದ. ಅದು ಬೆಚ್ಚಗಿತ್ತು. ತನ್ನ ಹೆಸರು ಉಳಿಯಲಿ ಎಂದು ಒಬ್ಬರ ತಲೆಯೊಳಗಿನ ಫೋಟೊಗಳನ್ನೇ ಅಳಿಸಿಹಾಕಿದೆನಲ್ಲ, ಇದನ್ನು ಎತ್ತಿ ತರಲು ಕಸದ ಬುಟ್ಟಿ ಯಾವುದು ಎಂದು ಯೋಚಿಸುತ್ತ ಬೀರೂರಿನಲ್ಲಿ ಇಳಿಯುವುದನ್ನು ಮರೆತು ಮುಂದಿನ ಸ್ಟಾಪಿನಿಂದ ನಡೆದು ಬಂದ. ಮನೆಯಲ್ಲಿ ಅವ್ವ ಹುರಿಹಿಟ್ಟನ್ನು ಹಾಲಿನಲ್ಲಿ ಕಲಸಿ ಕೊಟ್ಟಳು. “ಯಾರು ಕೊಟ್ಟಿದ್ದೋ? ಒಳ್ಳೆ ಘಮ ಐತೆ” ಅಂದಳು. ಅವನು ಹೊಟ್ಟೆ ಸರಿಯಿಲ್ಲ ಎಂದು ಲೋಟ ಪಕ್ಕಕ್ಕಿಟ್ಟ. ಹೊಟ್ಟೆ ಸರಿಯಾಗಿಯೇ ಇತ್ತು.

ಹೇಳಬೇಕು ಎಂದು ಪ್ರತಿ ಬೆಳಿಗ್ಗೆ ಅಂದುಕೊಳ್ಳುವುದು, ಓಂಕಾರಮೂರ್ತಿ ಬಂದು ‘ಏನೋ ಹೀರೋ’ ಎಂದ ಕೂಡಲೇ ನಾಳೆ ನೋಡೋಣ ಅಂದುಕೊಳ್ಳುವುದು. ಹೀಗೇ ನಡೆದಿರುವಾಗ ಒಂದು ದಿನ ಮಲ್ಲಿಕಾಂಬನೇ ಕಡೂರಿಗೆ ಬಂದರು. ಗಿರಣಿಗೆ ಹೊಸ ಬೆಲ್ಟು ಕೊಳ್ಳಲು ಬಂದವರು, ಬೆಲ್ಟಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡೇ ಸ್ಟುಡಿಯೋಕ್ಕೆ ಕಾಲಿಟ್ಟರು. ಮುಖದಲ್ಲಿ ಹಿಟ್ಟಿಲ್ಲದ್ದರಿಂದ ತಿಮ್ಮೇಶನಿಗೆ ಒಂದು ಕ್ಷಣ ಗುರುತೇ ಸಿಗಲಿಲ್ಲ. ಒಳಗೆ ಓಂಕಾರಮೂರ್ತಿ ಲಿಂಗದಹಳ್ಳಿಯ ಮದುವೆಯವರಿಗೆ ಆಲ್ಬಂ ತೋರಿಸುತ್ತಿದ್ದರು. ‘ಇದೇ ನೋಡಿ, ಕಳ್ಳನ ಬಾಯಿಂದ ಬಂದದ್ದು’ ಎಂದು ಆಗಷ್ಟೇ ಹೇಳಿ ಮುಗಿಸಿದ್ದರು.

ಮಲ್ಲಿಕಾಂಬ ಅವರ ಕಡೆ ನೋಡಲಿಲ್ಲ. ಫೋನನ್ನು ಹಿಟ್ಟಿನ ಬಟ್ಟೆಯಿಂದ ಬಿಚ್ಚಿ ತಿಮ್ಮೇಶನ ಮುಂದಿಟ್ಟರು.

“ಇದರಾಗೆ ಇನ್ನೂ ಯಾರ್‍ಯಾರ್ದು ಉಳ್ಕೊಂಡೈತೋ ನೋಡಿ ತೆಗೆದ್ಬಿಡಪ್ಪಾ. ಆಮೇಲೆ ನಂಬರೂ ಬಂದ್ ಮಾಡ್ಸಿಕೊಡು. ಬೆಲ್ಟು ಹರಿದ್ರೆ ಮೆಕ್ಯಾನಿಕ್ಕಿಗೆ ಯಜಮಾನ್ರೇ ಬಂದು ಹೇಳ್ತಾರೆ.”

“ಕಿವಿ ಕೇಳದೋರು ಹೆಂಗಮ್ಮಾ…” ಎಂದು ತಿಮ್ಮೇಶ ಶುರುಮಾಡಿದ.

“ಕಿವಿ ಹೋದ್ರೆ ನಡೀತದೆ. ತಲೆ ಹೋದೋಳ ಕೈಯಾಗೆ ಊರೋರ ಬೀಗ ಇರಬಾರ್ದು.”

ಅವರು ಅಳುತ್ತಿರಲಿಲ್ಲ. ಅತ್ತಿದ್ದರೆ ತಿಮ್ಮೇಶ ಒಂದು ಲೋಟ ನೀರು ಕೊಟ್ಟು ತಪ್ಪಿಸಿಕೊಳ್ಳುತ್ತಿದ್ದ. ಕೆಟ್ಟುಹೋದ ಸಾಮಾನನ್ನು ಪಕ್ಕಕ್ಕಿಡುವ ಹಾಗೆ ತಮ್ಮ ತಲೆಯನ್ನು ಪಕ್ಕಕ್ಕಿಡುತ್ತಿದ್ದರು, ಅಷ್ಟೇ. ಅವನಿಗೆ ಎದ್ದು ನಿಂತದ್ದು ಗೊತ್ತಾಯಿತು, ಕುರ್ಚಿ ಹಿಂದಕ್ಕೆ ಬಿದ್ದದ್ದು ಗೊತ್ತಾಗಲಿಲ್ಲ.

“ನಿಮ್ಮ ತಲೆ ಸರಿಯಾಗೈತೆ ಅಮ್ಮ. ನೀವು ಯಾರಿಗೂ ಕೊಟ್ಟಿಲ್ಲ. ತಪ್ಪು ನಂದು.”

ಆಲ್ಬಂ ಮಗುಚುವ ಸದ್ದು ನಿಂತಿತು.

“ನೀವು ಮಿಲ್ಲಿನ ಬಾಗಿಲು ತೆಗೆಯೋಕೆ ಮುಂಚೆ ನಿಮ್ಮ ಆಳು ಕಿಟಕೀಲಿ ಇಣುಕಿದ ಅಂತ ಇಟ್ಕೊಳ್ಳಿ. ಒಳಗೆ ಕತ್ತಲು, ಏನೂ ಕಾಣಲಿಲ್ಲ. ಚೀಲ ಎಲ್ಲಾ ಹೊರಗೆ ಎಸೆದಿದಾರೆ ಅಂತ ತಿಳ್ಕೊಂಡು ಜಗಲಿ ಮೇಲಿದ್ದ ಚೀಲಾನೂ ಎಸೆದ. ನೀವು ಬಂದು ಬಾಗಿಲು ತೆಗೆದ ಮೇಲೆ, ಜಗಲೀಲಿ ಇಲ್ಲ ಅಂದ್ಮೇಲೆ ಒಳಗೂ ಬೇಡ ಅಂತ ಅದನ್ನೂ ಎಸೆದ. ಆ ಆಳು ನನ್ನ ಪ್ರೋಗ್ರಾಮು. ಬಾಗಿಲು ತೆಗೆಯೋವರ್ಗೂ ಕೈಕಟ್ಟಿ ನಿಲ್ಲು ಅಂತ ನಾನು ಹೇಳಿರಲಿಲ್ಲ. ಕಳ್ಳ ಇರಲೇ ಇಲ್ಲ. ನಂಗೆ ಅವತ್ತೇ ಗೊತ್ತಾಯ್ತು.”

ಮೊದಲು ಬಾಯಿ ತೆರೆದವರು ಓಂಕಾರಮೂರ್ತಿ. “ಅವತ್ತೇ? ಜಿಲೇಬಿ ತಿನ್ನೋ ಹೊತ್ತಿಗೆ ಗೊತ್ತಿತ್ತಾ?”

“ಗೊತ್ತಿತ್ತು ಸಾರ್.”

“ಥೂ! ಇಷ್ಟು ದಿನ ನಿನ್ನ ಹೀರೋ ಮಾಡ್ಕೊಂಡು ಊರೆಲ್ಲ ಮೆರವಣಿಗೆ ಮಾಡಿದ್ನಲ್ಲೋ!” ಲಿಂಗದಹಳ್ಳಿಯವರು ಆಲ್ಬಮ್ಮಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದರು. ಓಂಕಾರಮೂರ್ತಿಗೆ ತಾವು ಫೋನಿನಲ್ಲಿ ಕೂಗಿದ್ದೂ ನೆನಪಾಗಿರಬೇಕು. ದನಿ ಇಳಿಸಿ ಮಲ್ಲಿಕಾಂಬನಿಗೆ ಕುರ್ಚಿ ತೋರಿಸಿದರು. “ಕೂತ್ಕೊಳ್ಳಿ ಅಮ್ಮ. ಟೀ ತರಿಸ್ತೀನಿ.”

ಮಲ್ಲಿಕಾಂಬ ಕೂರಲಿಲ್ಲ. ಫೋನನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದರು.

“ಇಲ್ಲಿ ಹೇಳಿದ್ರೆ ಏನು ಬಂತು? ಇವ್ರು ಯಾರೂ ನಮ್ಮ ಬೀದಿಯೋರಲ್ಲ. ನಾಳೆ ರಾಗಿ ಹೊತ್ತಿಗೆ ಮಿಲ್ಲಿಗೆ ಬಾ.”

ರಾಗಿ ಹೊತ್ತು ಎಂದರೆ ಸಾಲು ಬೀದಿಗೆ ಬರುವ ಹೊತ್ತು. ಮ‍ರುದಿನ ತಿಮ್ಮೇಶ ಹೋದಾಗ ಚೀಲ ಹಿಡಿದ ಹೆಂಗಸರು, ಸೈಕಲ್ಲಿನವರು, ಬಾಗಿಲಲ್ಲಿ ಸತೀಶ, ಎಲ್ಲರೂ ಇದ್ದರು. ಮಲ್ಲಿಕಾಂಬ ಅವನನ್ನು ನೋಡಿಯೂ ನೋಡದವರ ಹಾಗೆ ಗಿರಣಿಯ ಬಾಯಲ್ಲಿದ್ದ ರಾಗಿ ಪೂರ್ತಿ ಇಳಿಯುವ ತನಕ ಕಾಯಿಸಿದರು. ಆಮೇಲೆ ಕೈ ಇಳಿಸಿದರು. ಗಿರಣಿ ನಿಂತಿತು. ಆ ಮೌನದಲ್ಲಿ ತಿಮ್ಮೇಶ ಕಡೂರಿನಲ್ಲಿ ಹೇಳಿದ್ದನ್ನೇ ಹೇಳಿದ. ಎರಡನೇ ಸಲ ಸುಲಭವಾಗುತ್ತದೆ ಎಂದುಕೊಂಡಿದ್ದ, ಆಗಲಿಲ್ಲ.

“ಜೋರಾಗಿ ಹೇಳೋ, ಹಿಂದೆ ಕೇಳಿಸ್ತಿಲ್ಲ!” ಅಂದಳು ಪಾಪಮ್ಮ.

ಮತ್ತೆ ಹೇಳಿದ. ಮಲ್ಲಿಕಾರ್ಜುನಪ್ಪ ಏನೆಂದು ಹೆಂಡತಿಯ ಕಡೆ ನೋಡಿದರು. ಅವರು ಬೆರಳಿನಿಂದ ತಿಮ್ಮೇಶನನ್ನು ತೋರಿಸಿ, ಅದೇ ಬೆರಳಿನಿಂದ ತಲೆ ಮುಟ್ಟಿಕೊಂಡು, ಕೈ ಅಲ್ಲಾಡಿಸಿದರು. ತಪ್ಪು ಅವನದು, ತಮ್ಮ ತಲೆಯದಲ್ಲ ಎಂದು ಮುದುಕರಿಗೆ ಒಂದೇ ಸಲಕ್ಕೆ ಅರ್ಥವಾಯಿತು.

“ಅಲ್ಲಯ್ಯಾ, ನಿನ್ನ ಮನೆ ಹಾಳಾಗ, ನಿನ್ನಿಂದಾಗಿ ನಾನು ಹೊಗೆ ಕುಡಿದು ಸತ್ತೆನಲ್ಲೋ!” ಪಾಪಮ್ಮ ಚೀಲ ಕೆಳಗಿಟ್ಟಳು. “ನಮ್ಮ ಅಳಿಯ ಆ ಫೋನು ಎತ್ತಿದ್ರೆ ಕೇಳು.”

“ನಂಬರು ತೆಗ್ಸು ಅಂತ ಇವನೇನು ನಿಂಗೆ ಹೇಳಿದ್ನೇನೇ?” ಮಲ್ಲಿಕಾಂಬ ಕೇಳಿದರು.

ಪಾಪಮ್ಮ ಸೆರಗು ಸರಿಮಾಡಿಕೊಂಡಳು. ಸಾಲಿನಲ್ಲಿ ಇನ್ನೂ ಕೆಲವರಿಗೆ ತಮ್ಮ ಚೀಲದ ಗಂಟು ನೋಡಿಕೊಳ್ಳುವ ಕೆಲಸ ಬಂತು. ಕೊನೆಗೆ ಪಾಪಮ್ಮ ಬೇರೆ ಕಡೆ ನೋಡುತ್ತ, “ಗ್ಯಾಸಿನೋನಿಗೆ ನಾಳೆ ಹೇಳ್ತೀನಿ ಬಿಡು, ಮಿಲ್ಲಿಂದೇ ಹಾಕ್ಕೊಳಪ್ಪ ಅಂತ” ಅಂದಳು. ಮಲ್ಲಿಕಾಂಬ ಡಬ್ಬದ ಮುಚ್ಚಳದ ಮೇಲಿನ ಹಿಟ್ಟನ್ನು ಸೆರಗಿನಿಂದ ಒರೆಸಿದರು.

ಕೈಯೆತ್ತಿದರು. ಗಿರಣಿ ಮತ್ತೆ ಶುರುವಾಯಿತು.

ಸಾಲು ಕರಗುವ ತನಕ ತಿಮ್ಮೇಶ ಒಂದು ಮೂಲೆಯಲ್ಲಿ ನಿಂತೇ ಇದ್ದ. ಸ್ಟುಡಿಯೋದ ನೌಕರಿಯೇನೋ ಉಳಿದಿತ್ತು. ಆ ಬಸ್ಸನ್ನು ಓಡಿಸಲು ಬೇರೆ ಯಾರಿಗೂ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಉಳಿದಿತ್ತು. ಸ್ಟುಡಿಯೋದ ಕೋಡು ವಾಪಸ್ ಮಿಲ್ಲಿಗೇ ಹೋಗಲಿ, ಆಯಮ್ಮ ಒಪ್ಪಿದರೆ, ಎಂದು ಓಂಕಾರಮೂರ್ತಿ ಹೇಳಿ ಕಳಿಸಿದ್ದರು. ಅದನ್ನು ಕೇಳಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಇನ್ನೊಂದನ್ನು ಕೇಳಬೇಕಿತ್ತು. ನಮ್ಮ ಕಡೆ ತಪ್ಪು ಮಾಡಿದವರು ಕೊನೆಗೆ ಒಂದು ಪ್ರಶ್ನೆ ಕೇಳುತ್ತಾರೆ, ಎದುರಿನವರು ‘ಛೇ, ಏನೂ ಇಲ್ಲ ಬಿಡಪ್ಪಾ’ ಅನ್ನುತ್ತಾರೆ, ಇಬ್ಬರೂ ಕಾಫಿ ಕುಡಿಯುತ್ತಾರೆ. ಆ ಉತ್ತರಕ್ಕಾಗಿಯೇ ಆ ಪ್ರಶ್ನೆ ಇರುವುದು.

ಗಿರಣಿ ನಿಂತ ಮೇಲೆ ತಿಮ್ಮೇಶ ಮಣೆಯ ಪಕ್ಕ ಕುಕ್ಕರಗಾಲಲ್ಲಿ ಕೂತ.

“ಸ್ಟುಡಿಯೋ ಕೋಡು ಮತ್ತೆ ನಿಮಗೇ ಬರ್ಲಾ ಅಮ್ಮ? ನನ್ನ ಮೇಲೆ ಬೇಜಾರೇನೂ ಇಲ್ಲ ತಾನೇ?”

ಮಲ್ಲಿಕಾಂಬ ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡು ಅವನನ್ನು ನೋಡಿದರು.

“ಕೋಡು ಬರ್ಲಿ, ಹೇಳ್ತೀನಿ. ಬೇಜಾರು ಐತೆ.”